ಮನೆಯ ಕಸ, ಮನೆಯ ಮಾತು

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಈ ಶುಭ ಸಂದರ್ಭದಲ್ಲಿ ನಾನೂ ಎರಡು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಕೊಡಿಸಿದಾಗ, ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ನಾನು ಮಾತನಾಡುವೆನೆಂದು ಅವರು ಎಣಿಸಿದ್ದಿರಬೇಕು. ವಿದ್ವಾನ್ ಪರೀಕ್ಷೆಗೆ ನಾನು ಓದಿದ್ದು ಅದನ್ನು. ಪ್ರೌಢಶಾಲೆಯಲ್ಲಿ ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತ ಬಂದುದೂ ಅದನ್ನೇ. ಆದುದರಿಂದ ‘ಮನೆಯ ಕಸವನ್ನು ವಿಂಗಡಿಸುವುದು’ ಎಂದು ವಿಷಯವನ್ನು ಬರೆದು ಕಳುಹಿಸಿದಾಗ ಅವರು ಫೋನು ಮಾಡಿ, “ಪಂಡಿತರೇ, ಕೈತಪ್ಪಿನಿಂದ ಬೇರೆ ಯಾವುದೋ ಕಾಗದ ಬಂದಂತಿದೆಯಲ್ಲ!” ಎಂದರು. ಕೈತಪ್ಪಲ್ಲ. ಕನ್ನಡದ ಸಭೆಯಲ್ಲಿ ಕಸದ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೂ ಅನಿಸುತ್ತಿರಬಹುದು. ಅದಕ್ಕೆ ಉತ್ತರವನ್ನು ಈಗಲೇ ಹೇಳುವುದಿಲ್ಲ. ಮಾತು ಮುಗಿಯುವುದರೊಳಗಾಗಿ ಅದು ತಾನಾಗಿ ತೋರಿಬರದಿದ್ದರೆ ತಪ್ಪು ನನ್ನದು.

ನಮ್ಮ ಅಜ್ಜಿಯರ ಕಾಲದ ಮನೆಗಳನ್ನು ಒಮ್ಮೆ ನೆನೆಯೋಣ. ಅಲ್ಲಿ ಕಸವಿರಲಿಲ್ಲವೇ? ಇತ್ತು, ಆದರೆ ಪ್ರತಿಯೊಂದಕ್ಕೂ ಹೋಗಿ ಸೇರುವ ಒಂದು ಸ್ಥಾನವಿತ್ತು. ಅಕ್ಕಿ ತೊಳೆದ ನೀರು, ತರಕಾರಿಯ ಸಿಪ್ಪೆ ಅಕ್ಕಚ್ಚಿನ ಪಾತ್ರೆಗೆ. ಅಲ್ಲಿಂದ ಹಟ್ಟಿಯ ದನಕ್ಕೆ. ತೆಂಗಿನ ಗೆರಟೆ, ಸಿಪ್ಪೆ, ಒಣಗಿದ ಮಡಲು ಬಚ್ಚಲೊಲೆಗೆ. ಒಲೆಯ ಬೂದಿ ಪಾತ್ರೆ ತಿಕ್ಕುವುದಕ್ಕೆ. ಮಿಕ್ಕುದು ತೆಂಗಿನ ಬುಡಕ್ಕೆ. ಅಡಕೆಯ ಹಾಳೆ ತಲೆಗೆ ಟೊಪ್ಪಿಯಾಗುತ್ತಿತ್ತು, ನೀರು ಮೊಗೆಯುವ ಪಾತ್ರೆಯಾಗುತ್ತಿತ್ತು, ಕೊನೆಗೆ ಗೊಬ್ಬರವಾಗುತ್ತಿತ್ತು. ಉಂಡ ಬಾಳೆಲೆ ದನಕ್ಕೆ, ತರಗೆಲೆ ಹಟ್ಟಿಗೆ, ಹಟ್ಟಿಯದು ಗೊಬ್ಬರದ ಗುಂಡಿಗೆ, ಗುಂಡಿಯದು ಗದ್ದೆಗೆ. ಮೊರ ಹಿಡಿದು ಅಕ್ಕಿಯನ್ನು ಕೇರಿ, ನುಚ್ಚನ್ನು ಬೇರೆ, ತೌಡನ್ನು ಬೇರೆ, ಕಲ್ಲನ್ನು ಬೇರೆ ಮಾಡುತ್ತಿದ್ದ ಆ ಕೈಗಳಿಗೆ ವಿಂಗಡಿಸುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಹಿಂದಿನದೆಲ್ಲವೂ ಹೊನ್ನೆಂದು ನಾನು ಹೇಳಲಾರೆ. ಒಡೆದ ಶೀಸೆಯನ್ನು ಬೇಲಿಯ ಬುಡಕ್ಕೆ ಎಸೆಯುವ ಅಭ್ಯಾಸ ಅಂದೂ ಇತ್ತು. ಈ ಸಭೆಯಲ್ಲಿರುವ ಕೆಲವರ ಅಂಗಾಲುಗಳು ಅದಕ್ಕೆ ಸಾಕ್ಷಿ ಹೇಳಿಯಾವು. ಆದರೆ ಅಂದಿನ ಮನೆಯ ಕಸದಲ್ಲಿ ಬಹುಪಾಲು ಒಂದೇ ಜಾತಿಯದು, ಮಣ್ಣಿಗೆ ಮರಳಿ ಮಣ್ಣಾಗತಕ್ಕದ್ದು. ಇಂದು ಹಾಗಲ್ಲ. ಹಾಲು ಪೊಟ್ಟಣದಲ್ಲಿ ಬರುತ್ತದೆ, ಎಣ್ಣೆ ಪೊಟ್ಟಣದಲ್ಲಿ ಬರುತ್ತದೆ, ಮಗುವಿನ ತಿಂಡಿ ಒಳಗೆ ಬೆಳ್ಳಿಯಂತೆ ಹೊಳೆಯುವ ಪೊಟ್ಟಣದಲ್ಲಿ ಬರುತ್ತದೆ. ದನವಿದ್ದ ಹಟ್ಟಿಯಲ್ಲಿ ಈಗ ಸ್ಕೂಟರು ನಿಂತಿದೆ. ವಸ್ತುಗಳು ಬದಲಾದವು, ಎಸೆಯುವ ಕೈ ಮಾತ್ರ ಹಳೆಯ ರೂಢಿಯನ್ನೇ ಹಿಡಿದುಕೊಂಡಿದೆ. ಗೆರಟೆಯನ್ನು ಹಾಕುತ್ತಿದ್ದ ಬಚ್ಚಲೊಲೆಗೇ ಹಾಲಿನ ಪೊಟ್ಟಣವನ್ನೂ ಹಾಕಿ ಸ್ನಾನದ ನೀರು ಕಾಯಿಸುವ ಮನೆಗಳು ನಮ್ಮಲ್ಲಿ ಒಂದೆರಡಲ್ಲ.

ಕಸವನ್ನು ಹುಟ್ಟಿದಲ್ಲಿಯೇ ಬೇರ್ಪಡಿಸಬೇಕೆಂಬುದೇನೂ ಮೊನ್ನೆ ಮೊನ್ನೆ ಹುಟ್ಟಿದ ವಿಚಾರವಲ್ಲ. ಬೀದಿಗೆ ಕಸ ಚೆಲ್ಲಿದವನಿಗೆ ಪಣದ ಎಂಟನೆಯ ಒಂದು ಪಾಲು ದಂಡವೆಂದು ಕೌಟಿಲ್ಯನ ಅರ್ಥಶಾಸ್ತ್ರವೇ ವಿಧಿಸಿದೆ. ರಾಜಮಾರ್ಗವಾದರೆ ಅದರ ಇಮ್ಮಡಿ. ಫ್ರಾನ್ಸ್ ದೇಶದ ಪ್ಯಾರಿಸ್ ನಗರದಲ್ಲಿ ಪುಬೆಲ್ ಎಂಬ ಆಡಳಿತಾಧಿಕಾರಿ 1883ರಲ್ಲಿ ಒಂದು ಆಜ್ಞೆಯನ್ನು ಹೊರಡಿಸಿದನು: ಪ್ರತಿಯೊಂದು ಕಟ್ಟಡದ ಯಜಮಾನನೂ ಮುಚ್ಚಳವಿರುವ ತೊಟ್ಟಿಗಳನ್ನು ಇರಿಸಬೇಕು, ಕೊಳೆಯುವ ವಸ್ತುಗಳಿಗೆ ಒಂದು, ಕಾಗದ ಮತ್ತು ಚಿಂದಿಬಟ್ಟೆಗೆ ಒಂದು, ಒಡೆದ ಪಿಂಗಾಣಿ ಗಾಜು ಚಿಪ್ಪುಗಳಿಗೆ ಮತ್ತೊಂದು. ಕಟ್ಟಡದ ಯಜಮಾನರು ಗೊಣಗಿದರು. ಚಿಂದಿ ಆಯ್ದು ಬದುಕುತ್ತಿದ್ದ ಬಡವರು ತಮ್ಮ ಅನ್ನ ಹೋಯಿತೆಂದು ಗೋಳಿಟ್ಟರು. ಇಂದು ಫ್ರೆಂಚ್ ಭಾಷೆಯಲ್ಲಿ ಕಸದ ತೊಟ್ಟಿಗೆ ಇರುವ ಹೆಸರೇ ‘ಪುಬೆಲ್’. ಆಜ್ಞೆ ಮಾಡಿದವನ ಹೆಸರು ತೊಟ್ಟಿಗೆ ಅಂಟಿಕೊಂಡಿತು.

ವಿಂಗಡಿಸದಿದ್ದರೆ ಆಗುವ ಹಾನಿ ಏನು? ಅಡುಗೆಮನೆಯ ಸಿಪ್ಪೆ ತಾನೊಂದೇ ಇದ್ದರೆ ಕೆಲವು ತಿಂಗಳಲ್ಲಿ ಗೊಬ್ಬರ. ಪ್ಲಾಸ್ಟಿಕ್ಕು ತಾನೊಂದೇ ಇದ್ದು, ತೊಳೆದು ಒಣಗಿದ್ದರೆ, ಮಾರುವ ಸರಕು. ಇವೆರಡನ್ನೂ ಒಂದೇ ಚೀಲಕ್ಕೆ ಸುರಿದೆವೆನ್ನಿ. ಪ್ಲಾಸ್ಟಿಕ್ಕು ಎಣ್ಣೆ ಸಾರುಗಳಿಂದ ಮೆತ್ತಿಕೊಂಡು ಯಾರಿಗೂ ಬೇಡವಾಗುತ್ತದೆ. ಸಿಪ್ಪೆಯೂ ಪ್ಲಾಸ್ಟಿಕ್ಕಿನ ತುಣುಕುಗಳಿಂದ ಕೆಟ್ಟು ಗೊಬ್ಬರವಾಗಲಾರದು. ಎರಡು ಉಪಯುಕ್ತ ವಸ್ತುಗಳನ್ನು ಕೂಡಿಸಿ ಒಂದು ನಿರುಪಯುಕ್ತ ವಸ್ತುವನ್ನು ಪಡೆದಂತಾಯಿತು. ಅದು ರಾಶಿಬಿದ್ದಲ್ಲಿ ಗಾಳಿಯಾಡದೆ ಒಳಗೊಳಗೇ ಕೊಳೆತು ಮೀಥೇನ್ ಎಂಬ ಉರಿಯುವ ಅನಿಲವನ್ನು ಹುಟ್ಟಿಸುತ್ತದೆ.

ಇದರ ಫಲವನ್ನು ನಾವಿರುವ ಈ ಕೇರಳ ರಾಜ್ಯವೇ ಉಂಡಿದೆ. ತಿರುವನಂತಪುರದ ಬಳಿಯ ವಿಳಪ್ಪಿಲ್‌ಶಾಲೆ ಎಂಬ ಹಳ್ಳಿಗೆ 2000ದಿಂದ ನಗರದ ಕಸ ಬರತೊಡಗಿತು; ದುರ್ಗಂಧವನ್ನೂ ಕೆಟ್ಟ ನೀರನ್ನೂ ಹನ್ನೊಂದು ವರ್ಷ ಸಹಿಸಿದ ಗ್ರಾಮಸ್ಥರು 2011ರ ದಶಂಬರದಲ್ಲಿ ಅಲ್ಲಿನ ಕಾರ್ಖಾನೆಯನ್ನು ಮುಚ್ಚಿಸಿದರು. ಕೊಚ್ಚಿಯ ಬ್ರಹ್ಮಪುರದಲ್ಲಿ 2023ರ ಮಾರ್ಚ್ 2ರಂದು ಕಸದ ಬೆಟ್ಟಕ್ಕೆ ಹತ್ತಿದ ಬೆಂಕಿ ಹತ್ತು ದಿನಗಳಿಗೂ ಮಿಕ್ಕಿ ಆರಲಿಲ್ಲ. ಮಹಾನಗರವೇ ಬಾಯಿಮೂಗುಗಳನ್ನು ಮುಚ್ಚಿಕೊಂಡು ಕುಳಿತಿತು. ಆಲಪ್ಪುಳದ ಕತೆ ಇದಕ್ಕೆ ತಿರುಗುಮುರುಗು. ತಮ್ಮ ಊರಿಗೆ ನಗರದ ಲಾರಿ ಬರಕೂಡದೆಂದು ಸರ್ವೋದಯಪುರದವರು ತಡೆದ ಬಳಿಕ, 2012ರಿಂದ ಆ ನಗರ ತನ್ನ ಹಸಿಕಸವನ್ನು ಮನೆಮನೆಯಲ್ಲಿಯೂ ಬೀದಿಬೀದಿಯಲ್ಲಿಯೂ ಗೊಬ್ಬರ ಮಾಡಲು ಕಲಿತಿತು. ಕಸದ ನಿರ್ವಹಣೆಯಲ್ಲಿ ಮಾದರಿಯೆನ್ನಬಹುದಾದ ಐದು ನಗರಗಳ ಪೈಕಿ ಅದನ್ನು 2017ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗ ಹೆಸರಿಸಿತು. ಈ ಎರಡು ಕತೆಗಳ ನಡುವೆ ಇರುವ ಅಂತರ ಯಂತ್ರದ್ದಲ್ಲ. ಅಡುಗೆಮನೆಯ ಮೂಲೆಯಲ್ಲಿಟ್ಟ ಎರಡನೆಯ ಬುಟ್ಟಿಯದು.

ಈಗ ನಮ್ಮ ಕಾಸರಗೋಡಿಗೆ ಬರೋಣ. ಇಲ್ಲಿನ ವ್ಯವಸ್ಥೆ ತಮಗೆಲ್ಲ ತಿಳಿದೇ ಇದೆ. 2016ರ ದಶಂಬರದಲ್ಲಿ ಆರಂಭವಾದ ಹರಿತಕೇರಳ ಮಿಶನ್ನಿನ ಅಂಗವಾಗಿ ರೂಪುಗೊಂಡ ‘ಹರಿತಕರ್ಮಸೇನೆ’ಯ ಮಹಿಳೆಯರು, ಹೆಚ್ಚಿನವರು ಕುಟುಂಬಶ್ರೀ ಸಂಘಗಳಿಂದ ಬಂದವರು, ತಿಂಗಳಿಗೊಮ್ಮೆ ನಮ್ಮ ಮನೆ ಬಾಗಿಲಿಗೆ ಬರುತ್ತಾರೆ. ಕೊಳೆಯುವ ಕಸವನ್ನು ಅವರು ಒಯ್ಯುವುದಿಲ್ಲ. ಅದು ಮನೆಯ ಹಿತ್ತಿಲಲ್ಲಿಯೇ ಮಣ್ಣು ಸೇರಬೇಕು. ತೊಳೆದು ಒಣಗಿಸಿಟ್ಟ ಪ್ಲಾಸ್ಟಿಕ್ಕು ಮೊದಲಾದುವನ್ನು ಅವರು ಸಂಗ್ರಹಿಸುತ್ತಾರೆ. ಗಾಜು, ಚರ್ಮ, ಹಳೆಯ ಬಟ್ಟೆ, ಕೆಟ್ಟ ವಿದ್ಯುತ್ ಉಪಕರಣ ಇವುಗಳಿಗೆ ಬೇರೆ ಬೇರೆ ತಿಂಗಳುಗಳನ್ನು ಗೊತ್ತುಮಾಡಿದ ಪಟ್ಟಿಯಿರುತ್ತದೆ. ಗ್ರಾಮಗಳಲ್ಲಿ ಮನೆಯೊಂದಕ್ಕೆ ಸಾಮಾನ್ಯವಾಗಿ ತಿಂಗಳಿಗೆ 50 ರೂಪಾಯಿ ಶುಲ್ಕ. ಅವರು ಹೊತ್ತೊಯ್ದುದು ಮೊದಲು ಪಂಚಾಯತಿನ ಸಂಗ್ರಹಣಾ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಮತ್ತೊಮ್ಮೆ ಕೈಯಿಂದಲೇ ಹೆಕ್ಕಿ ಬೇರ್ಪಡಿಸುತ್ತಾರೆ. ಒಳ್ಳೆಯದು ಪುನಃ ವಸ್ತುವಾಗುತ್ತದೆ. ಕೆಲವು ಬಗೆಯದು ಚೂರಾಗಿ ರಸ್ತೆಯ ಡಾಮರಿನೊಡನೆ ಸೇರುತ್ತದೆ. ಮದುರೆಯ ರಸಾಯನಶಾಸ್ತ್ರದ ಪ್ರಾಧ್ಯಾಪಕ ಆರ್. ವಾಸುದೇವನ್ ಅವರು ಕಂಡುಹಿಡಿದ ಈ ವಿಧಾನಕ್ಕಾಗಿ 2018ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಯಾವುದಕ್ಕೂ ಒದಗದ್ದು ಸಿಮೆಂಟು ಕಾರ್ಖಾನೆಯ ಕುಲುಮೆಗೆ ಇಂಧನವಾಗುತ್ತದೆ.

ಇನ್ನು ನಾನು ಹೇಳಲೆಂದು ಬಂದ ಮಾತು. ಅದನ್ನು ಒಂದು ತಪ್ಪೊಪ್ಪಿಗೆಯಿಂದಲೇ ಆರಂಭಿಸಬೇಕಾಗಿದೆ.

ಈ ಕಾರ್ಯಕ್ಕೆ ಸಂಬಂಧಿಸಿದ ಒಂದು ಮುದ್ರಿತ ತಿಳುವಳಿಕೆಪತ್ರ 2022ರ ಬೇಸಗೆಯಲ್ಲಿ ನಮ್ಮ ಮನೆಗೆ ಬಂದಿತು. ಅದು ಮಲಯಾಳದಲ್ಲಿ ಮಾತ್ರವಿತ್ತು. ನಮ್ಮ ತಾಯಿಗೆ ಮಲಯಾಳ ಕಿವಿಗೆ ತಿಳಿಯುತ್ತದೆ, ಕಣ್ಣಿಗೆ ತಿಳಿಯುವುದಿಲ್ಲ. “ಎಂತ ಬರೆದದ್ದು ಅದರಲ್ಲಿ?” ಎಂದು ಕೇಳಿದರು. ನನಗೆ ಮಲಯಾಳ ಓದಲು ಚೆನ್ನಾಗಿ ಬರುತ್ತದೆ. ಆದರೂ, “ನಮ್ಮ ಭಾಷೆಯಲ್ಲಿಲ್ಲ, ಆದ್ದರಿಂದ ಅದು ನಮಗಲ್ಲ” ಎಂದು ಹೇಳಿ, ಮಡಚಿ, ಹಳೆಯ ಪಂಚಾಂಗದೊಳಗೆ ಇಟ್ಟುಬಿಟ್ಟೆ. ಕನ್ನಡಿಗರು ತಲೆತಲಾಂತರದಿಂದ ಬಾಳಿದ ನೆಲದಲ್ಲಿ ಕನ್ನಡದ ಒಂದು ಸಾಲೂ ಇಲ್ಲದ ಕಾಗದವನ್ನು ಮನೆಗೆ ಕೊಟ್ಟುಹೋದರಲ್ಲ ಎಂಬ ನೋವು ಸಹಜವೇ. ಆದರೆ ಆ ನೋವಿಗೆ ನಾನು ಮಾಡಿದ ಚಿಕಿತ್ಸೆ ಎಂಥದು ನೋಡಿ! ದೂರು ಬರೆಯಲಿಲ್ಲ, ತಾಯಿಗೆ ಓದಿ ಹೇಳಲಿಲ್ಲ, ಸುಮ್ಮನೆ ಮಡಚಿಟ್ಟೆ.

ಮಳೆಗಾಲ ಹಿಡಿದ ಮೇಲೆ ಒಂದು ದಿನ ಸೇನೆಯವರಿಬ್ಬರು ಬಂದರು. ಅಂಗಳದ ಮೂಲೆಯಲ್ಲಿದ್ದ ಚೀಲವನ್ನು ತೋರಿಸಿ ನಾನು ಒಳಗೆ ಹೋದೆ. ಹಿಂದಿನ ವಾರ ಒಡೆದಿದ್ದ ಗಾಜಿನ ಲೋಟದ ಚೂರುಗಳನ್ನು ಹಾಲಿನ ಪೊಟ್ಟಣಗಳ ನಡುವೆ ನಾನೇ ಸುರಿದಿದ್ದೆನೆಂಬುದು ಮರೆತೇಹೋಗಿತ್ತು. ಹೊರಗೆ ಒಂದು ಕೂಗು ಕೇಳಿತು. ಬಂದು ನೋಡಿದರೆ ಒಬ್ಬಾಕೆಯ ಕೈಗವಸನ್ನು ಸೀಳಿಕೊಂಡು ಚೂರು ಬೆರಳಿಗೆ ಇಳಿದಿದೆ. ನೀರು ತಂದು, ಬಟ್ಟೆ ಕಟ್ಟುವಾಗ ಆಕೆ ತಲೆಯೆತ್ತಿ ಕನ್ನಡದಲ್ಲಿ ಹೇಳಿದಳು: “ಗಾಜು ಉಂಟು ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು ಮಾಸ್ಟ್ರೇ. ಕಾಗದದಲ್ಲಿ ಬರೆದಿತ್ತಲ್ಲ?”

ಎಂಟನೆಯ ತರಗತಿಯಲ್ಲಿ ನಾನೇ ಕನ್ನಡ ಕಲಿಸಿದ ಹುಡುಗಿ. ಕನ್ನಡ ಮಾಧ್ಯಮದಲ್ಲಿ ಓದಿ, ದುಡಿಮೆಗಾಗಿ ಮಲಯಾಳವನ್ನೂ ಕಲಿತುಕೊಂಡು, ಈಗ ನನ್ನ ಮನೆಯ ಕಸವನ್ನು ಹೊರುತ್ತಿರುವವಳು. ನಾನು ಭಾಷಾಭಿಮಾನವೆಂದು ಮಡಚಿಟ್ಟ ಕಾಗದ ಕನ್ನಡದ ಮಗಳೊಬ್ಬಳ ಕೈಯನ್ನೇ ಕೊಯ್ದಿತ್ತು. ಮಲಯಾಳಿಯ ಕೈಯಾಗಿದ್ದರೆ ತಪ್ಪು ಕಿರಿದಾಗುತ್ತಿತ್ತೆಂದಲ್ಲ, ರಕ್ತಕ್ಕೆ ಭಾಷೆಯಿಲ್ಲ. ಆದರೆ ನನ್ನ ಅಭಿಮಾನ ಎಷ್ಟು ಪೊಳ್ಳೆಂಬುದನ್ನು ತೋರಿಸುವುದಕ್ಕೆ ಅದೇ ಕೈ ಬೇಕಾಯಿತೇನೋ!

ಅಂದಿನ ರಾತ್ರಿ ಪಂಚಾಂಗದಿಂದ ಆ ಕಾಗದವನ್ನು ಹೊರತೆಗೆದು ಓದಿದೆ. ಅದರಲ್ಲಿ ನಮ್ಮವರು ಎಡವಬಹುದಾದ ಸ್ಥಳಗಳು ಎಷ್ಟಿವೆಯೆಂಬುದು ಆಗ ಹೊಳೆಯಿತು. ಮಲಯಾಳದಲ್ಲಿ ‘ಮಾಲಿನ್ಯ’ವೆಂದರೆ ಕಸ, ನಮಗೆ ಅದು ಹೊಗೆ ಕೊಳೆಗಳಿಂದ ಗಾಳಿ ನೀರು ಕೆಡುವುದು. ಅಲ್ಲಿ ‘ಹರಿತ’ವೆಂದರೆ ಸಂಸ್ಕೃತದ ಹಸುರು, ನಮ್ಮಲ್ಲಿ ಹರಿತವೆಂದರೆ ಕತ್ತಿಯ ಅಲಗಿನ ಗುಣ. ಅಲ್ಲಿ ‘ಕರ್ಮ’ವೆಂದರೆ ಕೆಲಸ; ನಮ್ಮ ಮನೆಮಾತಿನಲ್ಲಿ ‘ನನ್ನ ಕರ್ಮ’ವೆಂದರೆ ಹಣೆಬರಹ. ‘ಹರಿತಕರ್ಮಸೇನೆ ಬರುತ್ತದೆ’ ಎಂಬ ಅಭಯವಾಕ್ಯವನ್ನು ನಮ್ಮ ಮುದುಕಿಯೊಬ್ಬಳು ಕೇಳಿದರೆ, ಕತ್ತಿ ಹಿಡಿದ ದಂಡೊಂದು ತನ್ನ ಹಣೆಬರಹವನ್ನು ಹುಡುಕಿಕೊಂಡು ಬರುತ್ತಿದೆಯೆಂದು ಬೆದರಿದರೆ ಆಶ್ಚರ್ಯವಿಲ್ಲ! ಆದರೆ ಅದೇ ಕಾಗದದಲ್ಲಿ ಇನ್ನೊಂದು ಶಬ್ದವಿತ್ತು: ‘ಪಾೞ್‌ವಸ್ತು’. ಹಳಗನ್ನಡ ಓದಿದವರ ಕಿವಿ ಇಲ್ಲಿ ನೆಟ್ಟಗಾಗಬೇಕು. ನಮ್ಮ ಪ್ರಾಚೀನ ಕವಿಗಳ ‘ಪಾೞ್’ ಇದೇ. ನಾವು ರೞವನ್ನು ಕಳೆದುಕೊಂಡು, ಪಕಾರವನ್ನು ಹಕಾರ ಮಾಡಿಕೊಂಡು ‘ಹಾಳು’ ಎಂದೆವು. ನಾವು ತೊರೆದ ಅಕ್ಷರವನ್ನು ನೆರೆಯವರು ಇಂದಿಗೂ ನಾಲಗೆಯ ಮೇಲೆ ಕಾಪಾಡಿಕೊಂಡಿದ್ದಾರೆ. ಪರಭಾಷೆಯೆಂದು ನಾನು ಮಡಚಿಟ್ಟ ಕಾಗದದೊಳಗೆ ನಮ್ಮ ಹಳಗನ್ನಡದ ಅಕ್ಷರವೊಂದು ಕುಳಿತಿತ್ತು.

ಮರುದಿನವೇ ಪ್ರಾಯಶ್ಚಿತ್ತವೆಂದು ಕುಳಿತು ಕನ್ನಡದಲ್ಲಿ ಒಂದು ಕರಪತ್ರ ಬರೆದೆ. ಮುಂದಿನ ತಿಂಗಳು ಆಕೆ ಬಂದಾಗ ಬೆರಳು ಮಾದಿತ್ತು. ಕರಪತ್ರವನ್ನು ಕೊಟ್ಟು ಓದೆಂದೆ. ‘ಜೈವಿಕವಿಘಟನೀಯ’, ‘ಅವಿಘಟನೀಯ’, ‘ಅಪಾಯಕಾರಿ ಗೃಹತ್ಯಾಜ್ಯ’ ಎಂದೆಲ್ಲ ಬರೆದಿದ್ದೆ. ಎರಡು ಸಾಲು ಓದಿ ಆಕೆ ನಕ್ಕಳು. “ಮಾಸ್ಟ್ರೇ, ಇದಕ್ಕಿಂತ ಆ ಮಲಯಾಳದ ಕಾಗದವೇ ಸುಲಭ ಇತ್ತಲ್ಲ! ಕೊಳೆಯುವುದು, ಕೊಳೆಯದ್ದು ಅಂತ ಬರೆದರೆ ಸಾಲದಾ?”

ಸಾಲದೇನು? ಸಾಲುತ್ತದೆ. ಒಳನಾಡಿನ ಬೆಂಗಳೂರಿನಲ್ಲಿ ‘ಹಸಿಕಸ, ಒಣಕಸ’ ಎಂಬ ಮಾತುಗಳು ಬಳಕೆಗೆ ಬಂದಿವೆ, ಒಳ್ಳೆಯ ಮಾತುಗಳೇ. ಆದರೆ ತೋಟದ ತರಗೆಲೆ ಒಣಗಿದ್ದರೂ ಕೊಳೆಯತಕ್ಕದ್ದು. ಹಾಲಿನ ಪೊಟ್ಟಣ ಹಸಿಯಾಗಿದ್ದರೂ ಕೊಳೆಯದು. ಆದುದರಿಂದ ನಮ್ಮ ಹಿತ್ತಿಲುಗಳಿಗೆ ಆಕೆಯ ಮಾತೇ ಮೇಲು. ಅದನ್ನೇ ಬೆಳೆಸಿ ನನ್ನ ಮಕ್ಕಳಿಗೆ ಶಾಲೆಯಲ್ಲಿ ನಾಲ್ಕು ಶಬ್ದಗಳ ಸೂತ್ರವಾಗಿ ಹೇಳಿಕೊಡುತ್ತಿದ್ದೇನೆ: ಕೊಳೆಯುವುದು, ಕೊಳೆಯದುದು, ಕೊಯ್ಯುವುದು, ಕೊಲ್ಲುವುದು. ತಾವೂ ದಯವಿಟ್ಟು ಮನೆಗೆ ಒಯ್ಯಬೇಕು.

ಕೊಳೆಯುವುದು: ಸಿಪ್ಪೆ, ಎಂಜಲು, ಚಹದ ಚರಟ, ಮೀನಿನ ಮುಳ್ಳು, ಮೊಟ್ಟೆಯ ಓಡು, ತರಗೆಲೆ. ಇದು ಹಿತ್ತಿಲು ಬಿಟ್ಟು ಹೋಗಬಾರದು. ಗುಂಡಿಯಿದ್ದವರಿಗೆ ಗುಂಡಿ, ಜಾಗವಿಲ್ಲದವರಿಗೆ ಪಂಚಾಯತಿನಿಂದ ದೊರೆಯುವ ಕೊಳವೆಯೋ ತೊಟ್ಟಿಯೋ ಸಾಕು. ಹಸಿಯದರ ಮೇಲೆ ಒಂದು ಪದರ ಒಣ ಎಲೆಯನ್ನೋ ತೆಂಗಿನ ನಾರಿನ ಹುಡಿಯನ್ನೋ ಹಾಕಬೇಕು. ಇಲ್ಲವಾದರೆ ನೀರು ನಿಂತು ನಾರುತ್ತದೆ, ಹುಳುವಾಗುತ್ತದೆ. ನಾರಿದ ಮಾತ್ರಕ್ಕೆ ಕೈಬಿಡಬೇಡಿರಿ. ಒಣ ಎಲೆ ಹೆಚ್ಚು ಹಾಕಿರಿ, ಆಗಾಗ ಕೆದಕಿ ಗಾಳಿಯಾಡಿಸಿರಿ.

ಕೊಳೆಯದುದು: ಹಾಲು ಎಣ್ಣೆಗಳ ಪೊಟ್ಟಣ, ಬಾಟಲಿ, ಚೀಲ, ತಿಂಡಿಯ ಹೊಳೆಯುವ ಕಾಗದ. ಈ ಕೊನೆಯದು ಕಾಗದವಲ್ಲ. ಪ್ಲಾಸ್ಟಿಕ್ಕಿನ ಪದರಕ್ಕೆ ಅಲ್ಯುಮಿನಿಯಮ್ಮಿನ ತೆಳುಲೇಪ ಕೂಡಿಸಿ ಮಾಡಿದ್ದು. ಎರಡನ್ನೂ ಬಿಡಿಸುವುದು ಸುಲಭವಲ್ಲ. ಇವನ್ನೆಲ್ಲ ಪಾತ್ರೆ ತೊಳೆದ ನೀರಿನಲ್ಲಿಯೇ ಒಮ್ಮೆ ಜಾಲಿಸಿ, ಹಗ್ಗಕ್ಕೆ ಸಿಕ್ಕಿಸಿ ಒಣಗಿಸಿದರೆ ಆಯಿತು. ನಮ್ಮ ಆಟಿಯ ಮಳೆಯಲ್ಲಿ ಒಣಗುವುದೆಂತು ಎಂದು ಕೇಳುವಿರಿ. ಬಚ್ಚಲಿನ ಅಟ್ಟದಲ್ಲಿ ತೂಗಹಾಕಿದರೆ ಎರಡು ದಿನದಲ್ಲಿ ಒಣಗುತ್ತದೆ. ಒಲೆಯೊಳಗೆ ಮಾತ್ರ ಹಾಕಬೇಡಿರಿ.

ಕೊಯ್ಯುವುದು: ಗಾಜು, ಬ್ಲೇಡು, ಡಬ್ಬಿಯ ಮುಚ್ಚಳ, ಸಕ್ಕರೆರೋಗದವರು ಚುಚ್ಚಿಕೊಳ್ಳುವ ಸೂಜಿ. ಇವನ್ನು ದಪ್ಪ ಕಾಗದದಲ್ಲಿ ಸುತ್ತಿ ಗಟ್ಟಿಯಾದ ಡಬ್ಬಿಯಲ್ಲಿಡಬೇಕು. ಡಬ್ಬಿಯ ಮೇಲೆ ‘ಗಾಜು’ ಎಂದು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬರೆಯಬೇಕು. ಕನ್ನಡದಲ್ಲಿ ಬರೆಯುವುದು ಅಭಿಮಾನ. ಮಲಯಾಳದಲ್ಲಿ ಬರೆಯುವುದು ಧರ್ಮ. ಏಕೆಂದರೆ ಅದನ್ನು ಎತ್ತುವ ಕೈ ಯಾರದೆಂದು ನಮಗೆ ತಿಳಿಯದು.

ಕೊಲ್ಲುವುದು: ಬ್ಯಾಟರಿ, ಪಾದರಸವಿರುವ ಟ್ಯೂಬುದೀಪ ಮತ್ತು ಸಿ.ಎಫ್.ಎಲ್. ಬಲ್ಬು, ಅವಧಿ ಮೀರಿದ ಔಷಧ, ಬಣ್ಣದ ಡಬ್ಬಿ, ತೋಟಕ್ಕೆ ಸಿಂಪಡಿಸುವ ವಿಷದ ಬಾಟಲಿ. ಇವು ಮಕ್ಕಳ ಕೈಗೆ ಸಿಗದಂತೆ ಬೇರೆಯಾಗಿರಬೇಕು. ಗೊತ್ತುಮಾಡಿದ ದಿನ, ಇಂಥದೆಂದು ಬಾಯಿಬಿಟ್ಟು ಹೇಳಿ ಕೈಗೊಪ್ಪಿಸಬೇಕು. ಇವಲ್ಲದೆ, ಸಭೆಯಲ್ಲಿ ಆಡಲು ಸಂಕೋಚಪಡುವ ವಸ್ತುಗಳೂ ಇವೆ: ಮಕ್ಕಳ ಹಾಗೂ ರೋಗಿಗಳ ಡಯಾಪರು, ಹೆಣ್ಣುಮಕ್ಕಳು ಬಳಸುವ ಪ್ಯಾಡು. ನಾವು ಆಡಲೂ ಸಂಕೋಚಪಡುವ ವಸ್ತುವನ್ನು ಇನ್ನೊಬ್ಬಳು ಬಿಚ್ಚಿ ಹೆಕ್ಕಬೇಕಾಗಿ ಬರುವುದು ಸರಿಯೇ? ಅವನ್ನು ಪ್ರತ್ಯೇಕವಾಗಿ ಸುತ್ತಿ ಗುರುತು ಮಾಡಿಡಬೇಕು. ದೇಶದ 2016ರ ನಿಯಮಗಳು ಮನೆಯ ಕಸವನ್ನು ಮೂರು ಪಾಲು ಮಾಡಿದ್ದವು. 2026ರ ಹೊಸ ನಿಯಮಗಳು ಇವುಗಳಿಗೂ ಒಂದು ಪಾಲನ್ನಿತ್ತು ನಾಲ್ಕು ಮಾಡಿವೆ.

ಸುಟ್ಟರಾಗದೇ, ಹೂತರಾಗದೇ ಎನ್ನುವವರಿಗೆ ಒಂದು ಮಾತು. ಪ್ಲಾಸ್ಟಿಕ್ಕನ್ನು, ಅದರಲ್ಲಿಯೂ ಪಿ.ವಿ.ಸಿ. ಜಾತಿಯದನ್ನು, ಮನೆಯ ಮಂದವಾದ ಉರಿಯಲ್ಲಿ ಸುಟ್ಟಾಗ ಡಯಾಕ್ಸಿನ್ ಮೊದಲಾದ ವಿಷಗಳು ಹುಟ್ಟುತ್ತವೆ. ಬಚ್ಚಲೊಲೆಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ಊದುವವರು ನಮ್ಮ ತಾಯಂದಿರೇ. ಹೂಳುವುದಾದರೂ ಎಲ್ಲಿ? ಮುರಕಲ್ಲು ಕಡಿದು ಬಿಟ್ಟ ಹೊಂಡಗಳಲ್ಲಿ. ನಮ್ಮ ಮುರಕಲ್ಲು ಜಾಳಿಗೆಯಂಥ ಕಲ್ಲು. ಮಳೆಯ ನೀರು ಅದರೊಳಗಿಂದ ಇಳಿದು ಬಂದುದರಿಂದಲೇ ನಮ್ಮ ಹಿರಿಯರು ಗುಡ್ಡವನ್ನು ಅಡ್ಡಲಾಗಿ ಕೊರೆದು ಸುರಂಗಗಳಲ್ಲಿ ಕುಡಿಯುವ ನೀರು ಕಂಡುಕೊಂಡರು. ಮೇಲಿನ ಹೊಂಡಕ್ಕೆ ಹಾಕಿದುದರ ರಸ ಕೆಳಗಿನ ಸುರಂಗಕ್ಕೆ ಬಾರದಿರುವುದೆಂತು? ಗೇರು ತೋಟಗಳ ಮೇಲೆ 2000ದವರೆಗೆ ಆಕಾಶದಿಂದ ಎರಚಿದ ಎಂಡೋಸಲ್ಫಾನ್ ಎಲ್ಲೆಲ್ಲಿಗೆ ಹರಿಯಿತೆಂಬುದನ್ನು ಈ ಜಿಲ್ಲೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹಾಕಿದಲ್ಲಿಯೇ ನಿಲ್ಲುವ ವಿಷವೆಂಬುದಿಲ್ಲ. ಮಧುವಾಹಿನಿ, ಪಯಸ್ವಿನಿ ಎಂದು, ಜೇನಿನ ಹಾಲಿನ ಹೆಸರುಗಳನ್ನು ಹೊಳೆಗಳಿಗಿತ್ತ ಜನ ನಾವು. ಸೇತುವೆಯ ಮೇಲಿಂದ ಕಟ್ಟು ಎಸೆಯುವಾಗ ಆ ಹೆಸರುಗಳನ್ನಾದರೂ ನೆನೆಯಬೇಕು.

“ತಿಂಗಳಿಗೆ ಐವತ್ತು ರೂಪಾಯಿಯನ್ನೂ ಕೊಟ್ಟು, ತೊಳೆದು ಒಣಗಿಸುವ ಕೆಲಸವನ್ನೂ ನಾವೇ ಮಾಡಬೇಕೇ?” ಎಂದು ನನ್ನ ನೆರೆಯ ಹಿರಿಯರೊಬ್ಬರು ಕೇಳಿದರು. ಅಂಚೆಯವನಿಗೆ ಕಾಗದ ಕೊಡುವಾಗ ವಿಳಾಸವನ್ನು ನಾವೇ ಬರೆಯುವುದಿಲ್ಲವೇ ಎಂದು ನಾನು ಕೇಳಿದೆ. ವಿಳಾಸವಿಲ್ಲದ ಕಾಗದಕ್ಕೂ ವಿಂಗಡಿಸದ ಕಸಕ್ಕೂ ಒಂದೇ ಗತಿ. ಎರಡೂ ಎಲ್ಲಿಯೂ ತಲಪುವುದಿಲ್ಲ. ಇನ್ನು ಮಕ್ಕಳು, “ಅಮ್ಮಾ, ಕಸದವರು ಬಂದರು” ಎಂದು ಕೂಗುವುದನ್ನು ಕೇಳುತ್ತೇನೆ. ವ್ಯಾಕರಣ ಕಲಿಸುವವನಾದುದರಿಂದ ತಿದ್ದದೆ ಇರಲಾರೆ. ‘ಕಸದವರು’ ಎಂಬಲ್ಲಿನ ಷಷ್ಠೀ ಸಂಬಂಧ ಸಲ್ಲತಕ್ಕದ್ದು ಕಸವನ್ನು ಮಾಡಿದವರಿಗೆ. ಕಸದವರು ನಾವು, ಬಂದವರು ಅದನ್ನು ಒಯ್ದು ಉಪಕರಿಸುವವರು. ಅವರನ್ನು ‘ಅಕ್ಕ’ ಎಂದು ಕರೆಯಲಿ, ಬಿಸಿಲಲ್ಲಿ ಬಂದವರಿಗೆ ಒಂದು ತುಂಡು ಬೆಲ್ಲ, ಒಂದು ಲೋಟ ನೀರು ಕೊಡಲಿ. ಬಂದವರಿಗೆ ಬೆಲ್ಲ ನೀರು ಕೊಡುವುದು ಈ ನಾಡಿನ ಹಳೆಯ ಮರ್ಯಾದೆ. ಅದನ್ನು ಇವರಿಗೆ ಮಾತ್ರ ತಪ್ಪಿಸುವುದೇಕೆ?

ಕೊನೆಯದಾಗಿ ಸಂಘದಲ್ಲಿ ನನ್ನ ವಿಜ್ಞಾಪನೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬನಿಗೂ ಕೊಟ್ಟಿದೆ. ಕನ್ನಡದ ಮನೆಗಳಿಗೆ ಹೋಗುವ ತಿಳುವಳಿಕೆಪತ್ರ ಕನ್ನಡದಲ್ಲಿಯೂ ಇರಬೇಕೆಂದು ಸ್ಥಳೀಯ ಸಂಸ್ಥೆಗಳಿಗೆ ನಾವು ಕನ್ನಡದಲ್ಲಿಯೇ ಬರೆದು ಕೇಳಬ��ಕು. ಉತ್ತರ ಬರುವವರೆಗೂ ಕೇಳುತ್ತಲೇ ಇರಬೇಕು. ಆದರೆ ಕೇಳುವ ಕೈ ಬರಿಗೈಯಾಗಿರಬಾರದು. ಅಚ್ಚಿಗೆ ಸಿದ್ಧವಾದ ಕನ್ನಡ ಪತ್ರವನ್ನು ಜತೆಗೇ ಇಡೋಣ. ನನ್ನ ಕರಪತ್ರದ ನಾಲ್ಕನೆಯ ಪ್ರತಿ ಈಗ ಸಿದ್ಧವಾಗಿದೆ. ಮೊದಲಿನ ಮೂರನ್ನೂ ತಿದ್ದಿದವಳು ನನ್ನ ಆ ಶಿಷ್ಯೆ. ಅದರಲ್ಲಿ ಈಗ ಸಮಾಸಪದಗಳು ಬಹಳ ಕಡಿಮೆ. ಸಂಘ ಅದನ್ನು ಅಚ್ಚುಹಾಕಿಸುವುದಾದರೆ ವೆಚ್ಚದಲ್ಲಿ ಒಂದು ಪಾಲು ನನ್ನದಿರಲಿ.

ಗಡಿನಾಡಿನಲ್ಲಿ ಭಾಷೆ ಉಳಿಯುವುದು ಉತ್ಸವಗಳಿಂದಲೂ ಹೌದು; ನಿರ್ಣಯಗಳಿಂದಲೂ ಹೌದು. ಆದರೆ ಅಡುಗೆಮನೆಯಲ್ಲಿ, ಅಂಗಳದಲ್ಲಿ, ಗೊಬ್ಬರದ ಗುಂಡಿಯ ಬಳಿಯಲ್ಲಿ ಹೊಸ ಕೆಲಸಗಳು ಹುಟ್ಟಿದಾಗ, ಅವುಗಳಿಗೆ ನಮ್ಮ ಮಾತು ಒದಗದಿದ್ದರೆ, ಅಂಥ ಒಂದೊಂದು ಕೆಲಸದೊಡನೆಯೂ ಕನ್ನಡ ಒಂದೊಂದು ಕೋಣೆಯನ್ನು ಬಿಟ್ಟು ಹೊರಗೆ ನಡೆಯುತ್ತದೆ. ಕೊನೆಗೆ ಅದಕ್ಕೆ ಉಳಿಯುವುದು ಈ ವೇದಿಕೆಯೊಂದೇ. ಹಾಗಾಗಬಾರದೆಂಬುದಕ್ಕಾಗಿ ಇಂದು ಈ ಮಂಗಳ ಸಭೆಗೆ ಕಸದ ಬುಟ್ಟಿಯನ್ನು ಹೊತ್ತು ತಂದೆ. ಕ್ಷಮಿಸಬೇಕು. ಸಭೆ ಮುಗಿದ ಮೇಲೆ ಊಟವಿದೆಯೆಂದು ಕಾರ್ಯದರ್ಶಿಗಳು ತಿಳಿಸಿದ್ದಾರೆ. ಪಂದಿಯ ಕೊನೆಯಲ್ಲಿ ಎರಡು ಬುಟ್ಟಿಗಳನ್ನಿಡಿಸಿದ್ದೇನೆ: ಬಾಳೆಲೆಗೆ ಒಂದು, ನೀರಿನ ಬಾಟಲಿಗೆ ಒಂದು. ಯಾವುದು ಯಾವುದಕ್ಕೆಂದು ಕನ್ನಡದಲ್ಲಿಯೇ ಬರೆದಿದೆ.